ಏಳು ಪರದೆ, ಆರು ಪಟ್ಟಿ

ಚಿದಾನಂದ ಹೂಲಿ ಅಂಗಡಿಯ ಬೋರ್ಡು ಬರೆಯಲು ಬ್ರಷ್ ಹಿಡಿದನೆಂದರೆ ಗದಗಿನ ಜವಳಿ ಬಜಾರದಲ್ಲಿ ನಾಲ್ಕು ಮಂದಿ ತಮ್ಮ ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಅಕ್ಷರ ಮುದ್ದಾಗಿರುತ್ತಿದ್ದವು, ಸುಳ್ಳಲ್ಲ. ಆದರೆ ಜನ ನಿಲ್ಲುತ್ತಿದ್ದುದು ಅವನು ಕೊನೆಯ ಅಕ್ಷರದಿಂದ ಶುರು ಮಾಡುತ್ತಿದ್ದ ಎಂಬುದಕ್ಕೆ. ಅವನು ಎಡಚ. ಎಲ್ಲರ ಹಾಗೆ ಎಡದಿಂದ ಬಲಕ್ಕೆ ಬರೆದರೆ ಹಸಿ ಬಣ್ಣಕ್ಕೆ ಅವನದೇ ಕೈ ತಾಗಿ ಎಲ್ಲ ರಾಡಿಯಾಗುತ್ತಿತ್ತು. ಅದಕ್ಕೇ ಮೊದಲು ಸೀಮೆಸುಣ್ಣದಲ್ಲಿ ಅಳತೆ ಹಾಕಿಕೊಂಡು, ಬಲತುದಿಯಿಂದ ಹಿಂದೆ ಹಿಂದೆ ಬರುತ್ತಿದ್ದ. ‘ಲರ್ಸ್’ ಎನ್ನುವಷ್ಟು ಬಂದಾಗ, ಇದು ಟೇಲರ್ಸೋ ಜ್ಯುವೆಲರ್ಸೋ ಎಂದು ನಿಂತವರು ಪಂದ್ಯ ಕಟ್ಟುತ್ತಿದ್ದರು. ಸೋತವನು ಎಲ್ಲರಿಗೂ ಚಹಾ ಕುಡಿಸಬೇಕು. ಆ ಚಹಾದಲ್ಲಿ ಚಿದಾನಂದನ ಪಾಲೂ ಇರುತ್ತಿದ್ದುದರಿಂದ, ಸರಿಯಾಗಿ ಅದೇ ಜಾಗಕ್ಕೆ ಬಂದಾಗ ಅವನಿಗೆ ಬ್ರಷ್ ತೊಳೆಯುವ ಕೆಲಸ ನೆನಪಾಗುತ್ತಿತ್ತು.

ಮೂವತ್ಮೂರನೆಯ ವಯಸ್ಸಿಗೆ ಅವನಿಗೆ ಕಾಮಾಲೆ ಬಂತು. ನಾಟಿ ಔಷಧಿ ಎಂದು ನಾಲ್ಕು ದಿನ, ಆಸ್ಪತ್ರೆ ಎಂದು ನಾಲ್ಕು ದಿನ, ಒಂಬತ್ತನೆಯ ದಿನ ಹೋಗಿಬಿಟ್ಟ. ಹೆಂಡತಿ ಮಕ್ಕಳಿರಲಿಲ್ಲ. ಹಿಂದೆ ಉಳಿದವಳು ತಾಯಿ ನೀಲಾಂಬಿಕಾ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಎರಡನೆಯ ಇಯತ್ತೆಗೆ ಪಾಠ ಹೇಳಿದ ಆಕೆಗೆ ಊರಲ್ಲಿ ‘ಹೂಲಿ ಅಕ್ಕೋರು’ ಎಂದೇ ಹೆಸರು. ಅರ್ಧ ಗದಗಿಗೆ ಒತ್ತಕ್ಷರ ಕಲಿಸಿದ ಹೆಂಗಸು. ಶಾಲೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಗೋಡೆಗೆ ಮಗನ ಫೋಟೋ, ಮೂಲೆಯಲ್ಲಿ ಅವನ ಬಣ್ಣದ ಡಬ್ಬಿಗಳು. ಡಬ್ಬಿಗಳನ್ನು ಯಾರಿಗಾದರೂ ಕೊಟ್ಟುಬಿಡಿ ಎಂದವರ ಮುಂದೆಯೇ ಆಕೆ ಅವುಗಳ ಧೂಳು ಒರೆಸುತ್ತಿದ್ದಳು.

ಅವನು ಸತ್ತ ಮರುವರ್ಷವೇ ಬಜಾರವೂ ಹೋಯಿತು. ರಸ್ತೆ ಅಗಲ ಮಾಡಬೇಕಾಗಿತ್ತು. ಒಡೆಯುವ ಮುಂಚೆ ವ್ಯಾಪಾರಿಗಳ ಸಂಘದವರಿಗೆ ಒಂದು ಆಸೆ ಹುಟ್ಟಿತು: ಬಜಾರ ನೆಲದ ಮೇಲೆ ಇರದಿದ್ದರೂ ಕಂಪ್ಯೂಟರಿನಲ್ಲಾದರೂ ಇರಲಿ. ಪ್ರತಿ ಅಂಗಡಿಯ ಮುಂದೂ ಕ್ಯಾಮೆರಾ ಇತ್ತು, ಹನ್ನೊಂದು ವರ್ಷದ ಚಿತ್ರಗಳಿದ್ದವು. ಹುಬ್ಬಳ್ಳಿಯ ‘ಪಡಿನೆಳಲು’ ಎಂಬ ಕಂಪನಿ ಅಷ್ಟನ್ನೂ ತೆಗೆದುಕೊಂಡು ಹೋಗಿ ಬೀದಿಯನ್ನು ಮತ್ತೆ ಕಟ್ಟಿತು. ಗೋಡೆ, ಕಟ್ಟೆ, ಬೋರ್ಡುಗಳಷ್ಟೇ ಅಲ್ಲ. ಆ ಬೀದಿಯಲ್ಲಿ ದಿನಾ ಓಡಾಡಿದ ಜನರ ನಡಿಗೆ, ಚಾಳಿ, ನಿಲ್ಲುವ ರೀತಿಯನ್ನೆಲ್ಲ ಕಲಿತು, ಅವರನ್ನೂ ಕಟ್ಟಿತು. ಇದು ಸಿನಿಮಾ ಅಲ್ಲ. ಸಿನಿಮಾದವನು ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡುತ್ತಾನೆ. ಈ ಜನ ದಿನಾ ಹೊಸ ಕೆಲಸ ಮಾಡುತ್ತಿದ್ದರು, ತಮ್ಮ ಹಳೆಯ ರೀತಿಯಲ್ಲಿ. ಬದುಕಿದ್ದಾಗ ಬರೆಯದ ಬೋರ್ಡುಗಳನ್ನು ಚಿದಾನಂದ ಅಲ್ಲಿ ಬರೆಯುತ್ತಿದ್ದ.

ಬದುಕಿರುವವರು ತಮ್ಮನ್ನೇ ನೋಡಿಕೊಂಡು ನಕ್ಕು ಮರೆತರು. ಮನೆಯಲ್ಲಿ ಸಾವಾದವರು ಮರೆಯಲಿಲ್ಲ. ಅಂಥವರಿಗೆಂದೇ ಕಂಪನಿ ಮನೆಗೆ ಸಂಪರ್ಕ ಕೊಡತೊಡಗಿತು. ಅದಕ್ಕೆ ಎರಡು ಕರಾರು. ಒಂದು, ನೆರಳು, ಅಂದರೆ ಹೀಗೆ ಕಟ್ಟಿದ ಮನುಷ್ಯ, ತಯಾರಾದ ಮೇಲೆ ಕ್ಯಾಮೆರಾದ ಹಳೆಯ ಚಿತ್ರಗಳನ್ನೆಲ್ಲ ಅಳಿಸಬೇಕು. ಸೀರೆ ಕೊಳ್ಳಲು ಬಂದ ಹೆಂಗಸರು ತಮ್ಮ ಮುಖ ಯಾರ ಬಳಿಯೂ ಉಳಿಯಕೂಡದೆಂದು ಗಲಾಟೆ ಮಾಡಿದ್ದರು. ಎರಡು, ಒಬ್ಬರಿಗೆ ಒಂದೇ ನೆರಳು, ಅದಕ್ಕೆ ಪ್ರತಿ ಇಲ್ಲ. ಶುರುವಿನಲ್ಲಿ ಒಬ್ಬ ವಿಧವೆ ತನ್ನ ಗಂಡನ ಪ್ರತಿ ಯಾವುದೋ ಸೋಪಿನ ಜಾಹೀರಾತಿನಲ್ಲಿ ನಗುತ್ತ ನಡೆದುಹೋಗುವುದನ್ನು ಕಂಡಿದ್ದಳು. ಎರಡೂ ಕರಾರಿಗೆ ಜನ ಖುಷಿಯಿಂದಲೇ ಸಹಿ ಹಾಕಿದರು.

ಮನೆಮನೆಗೆ ಹೋಗಿ ಮಾನಿಟರ್ ಕೂಡಿಸುವ ಕೆಲಸ ಯಮನೂರಪ್ಪನದು. ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವ ಮೆಹರ್ ಮೇಡಂ ಅವನ ಹೆಸರಿಟ್ಟುಕೊಂಡು ಕಾಡಿಸುತ್ತಿದ್ದರು. “ಹೆಸರು ಯಮನೂರ, ಕೆಲಸ ಸತ್ತವರನ್ನ ಮನಿಗೆ ಮುಟ್ಟಸೂದು. ನಿಮ್ಮಪ್ಪ ಮೊದಲ ನೋಡೇ ಇಟ್ಟಾನ ಬಿಡ್ರಿ.” ಅವನೂ ನಗುತ್ತಿದ್ದ. ಆದರೆ ಹೂಲಿ ಅಕ್ಕೋರ ಅರ್ಜಿ ಬಂದ ದಿನ ಅವನಿಗೆ ನಗು ಬರಲಿಲ್ಲ. ಚಿದಾನಂದ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಅಕ್ಕೋರು ಇಬ್ಬರಿಗೂ ಪಾಠ ಹೇಳಿದವರು.

ಮೊದಲು ಒಂದೇ ಮಾನಿಟರ್ ಹಾಕಿದ. ಹತ್ತಿ ಗೋದಾಮಿನ ಗೋಡೆಗೆ ಬೋರ್ಡು ಒರಗಿಸಿ ಚಿದಾನಂದ ಬರೆಯುತ್ತಿದ್ದ ಜಾಗ ಅದರಲ್ಲಿ ಕಾಣುತ್ತಿತ್ತು. ಅಕ್ಕೋರು ಅಕ್ಕಿಯ ಮೊರ ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತರು. ಹರಳು ಆರಿಸುವ ನೆಪ. ಮಗ ಎಡಗೈಯಲ್ಲಿ ಬ್ರಷ್ ಹಿಡಿದು, ತಲೆ ಓರೆ ಮಾಡಿ ಒಂದು ಅಕ್ಷರ ಮುಗಿಸಿ, ಅದಕ್ಕೆ ಉಫ್ ಎಂದು ಊದಿದ. ಅಕ್ಕೋರು ಅಳಲಿಲ್ಲ. “ಸೊರಗ್ಯಾನ” ಎಂದರು.

ನಾಲ್ಕು ಗಂಟೆಗೆ ಅವನು ಬ್ರಷ್ ಇಟ್ಟು ಎದ್ದ. ಪರದೆಯ ಅಂಚು ದಾಟಿ ಕಾಣದಾದ.

“ಎಲ್ಲಿ ಹೋದ?”

“ಚಾ ಕುಡ್ಯಾಕ ಹೋಗಿರಬೇಕ್ರಿ, ಅಕ್ಕೋರ.”

“ನನಗೊಂದು ಮಾತು ಹೇಳಲಾರದ?” ಎಂದು ಅಕ್ಕೋರು ತಮ್ಮ ಮಾತಿಗೆ ತಾವೇ ನಕ್ಕರು. ಆದರೆ ಅವನು ತಿರುಗಿ ಬರುವ ತನಕ ಮೊರದ ಮೇಲಿನ ಕೈ ಆಡಲಿಲ್ಲ. ಒಮ್ಮೆ ಹೋದ ಮಗ ಮತ್ತೆ ಕಣ್ಮರೆಯಾಗುವುದು, ಅದೂ ದಿನಾ ಐದಾರು ಸಲ, ಅವರಿಂದ ತಡೆಯಲಾಗಲಿಲ್ಲ. ವಾರದಲ್ಲಿ ಫೋನು ಬಂತು: ಇನ್ನೆರಡು ಪರದೆ ಹಾಕಲು ಬರುತ್ತದೆಯೇ? ಮೂರಾದವು. ಮೂರಕ್ಕೂ ಬೀದಿ ಪೂರ್ತಿ ಬರಲಿಲ್ಲ. ಮುಚ್ಚಿಹೋದ ಒಂದು ಆಫೀಸಿನ ಹಳೆಯ ಮಾನಿಟರ್‌ಗಳು ಸಿಕ್ಕವೆಂದು ಯಮನೂರಪ್ಪ ಇನ್ನೂ ನಾಲ್ಕನ್ನು ಹೊತ್ತು ತಂದ. ಎಲ್ಲವುಗಳ ಚೌಕಟ್ಟೂ ಹೆಬ್ಬೆರಳಷ್ಟು ದಪ್ಪ. ಶಾಲೆಯಿಂದ ಹಳೆಯ ಬೆಂಚು ತರಿಸಿ, ಏಳನ್ನೂ ಅರ್ಧ ಬಳೆಯ ಹಾಗೆ ಕೂಡಿಸಿದ. ಈಗ ಬೀದಿಯ ಈ ತುದಿಯಿಂದ ಹಿಡಿದು ಕೊನೆಯ ಚಹಾ ಅಂಗಡಿಯ ತನಕ ಇಡೀ ಬಜಾರ ಒಂದೇ ನೋಟಕ್ಕೆ ಬಂತು.

ಒಂದು ತೊಂದರೆಯಿತ್ತು. ಚಿತ್ರ ಒಂದು ಪರದೆಯಿಂದ ಇನ್ನೊಂದಕ್ಕೆ ದಾಟುವಲ್ಲಿ ಮುರಿದ ಹಾಗೆ ಕಾಣುತ್ತಿತ್ತು. ಒರಗಿಸಿದ ನಿಚ್ಚಣಿಕೆಯ ಕೆಳತುಂಡು ಒಂದು ಕಡೆ, ಮೇಲ್ತುಂಡು ಸರಿದು ಇನ್ನೊಂದು ಕಡೆ. ಪ್ರೋಗ್ರಾಮಿನಲ್ಲಿ ಇದಕ್ಕೊಂದು ಉಪಾಯವಿತ್ತು, ‘ಚೌಕಟ್ಟು ಹೊಂದಿಕೆ’ ಎಂದು. ಅದನ್ನು ಹಚ್ಚಿದರೆ ಎರಡು ಪರದೆಗಳ ನಡುವಿನ ದಪ್ಪ ಪಟ್ಟಿಯನ್ನು ಪ್ರೋಗ್ರಾಂ ಕಿಟಕಿಯ ಸರಳೆಂದು ತಿಳಿಯುತ್ತದೆ. ಸರಳಿನ ಹಿಂದಿನ ಬೀದಿ ಸರಳಿನ ಹಿಂದೆಯೇ ಅಡಗಿರುತ್ತದೆ, ಉಳಿದದ್ದು ಸರಿಯಾಗಿ ಕೂಡುತ್ತದೆ. ಯಮನೂರಪ್ಪ ಅದರ ಮುಂದೆ ಸರಿ ಗುರುತು ಹಾಕಿದ. ಮುರಿದ ನಿಚ್ಚಣಿಕೆ ನೆಟ್ಟಗಾಯಿತು.

“ನಮ್ಮನಿ ಕಿಟಕ್ಯಾಗ ನಿಂತು ಹೊರಗ ನೋಡಿದಂಗ ಆತಲ್ಲೋ” ಎಂದು ಅಕ್ಕೋರು ಬೆರಗಾದರು. ಅವತ್ತು ಅವನಿಗೆ ಗೋಧಿ ಹುಗ್ಗಿ ಮಾಡಿ ಬಡಿಸಿದರು. ಇಷ್ಟು ವರ್ಷದ ಕೆಲಸದಲ್ಲಿ ಅವನು ಅಷ್ಟು ಹಿಗ್ಗಿದ್ದು ಅದೊಂದೇ ದಿನ.

ಒಂದೂವರೆ ವರ್ಷ ಕಳೆಯಿತು. ಒಂದು ಬೆಳಿಗ್ಗೆ ಅಕ್ಕೋರ ಫೋನು.

“ಯಮನೂರಾ, ಚಿದು ಮೊದಲನೇ ಅಕ್ಷರದಿಂದ ಬರ್ಯಾಕ ಹತ್ಯಾನ.”

ಏನೋ ಕಣ್ಣಿನ ಭ್ರಮೆ ಇರಬೇಕೆಂದು ಇವನು ಮಧ್ಯಾಹ್ನ ಹೋದ. ಅಕ್ಕೋರು ಮೂರನೆಯ ಪರದೆ ತೋರಿಸಿದರು. ಚಿದಾನಂದ ಹೊಸ ಬೋರ್ಡಿನ ಮುಂದೆ ನಿಂತಿದ್ದ. ‘ಶ್ರೀ’ ಬರೆದ. ಅದರ ಮುಂದೆ ‘ವೀ’ ಬರೆದ. ಬ್ರಷ್ಷು ಬಲಗೈಯಲ್ಲಿತ್ತು. ತಲೆ ಓರೆ ಮಾಡಲಿಲ್ಲ, ಊದಲೂ ಇಲ್ಲ. ಊರಿನ ಯಾವ ಪೇಂಟರ್ ಬೇಕಾದರೂ ಆಗಿರಬಹುದಿತ್ತು ಅವನು.

ಯಮನೂರಪ್ಪ ಪರದೆಯ ಹತ್ತಿರಕ್ಕೆ ಬಾಗಿದ. “ಯಾವಾಗಿಂದರೀ?”

“ಹದಿನೈದು ದಿನದ ಮ್ಯಾಲಾತು. ನನಗ ಗೊತ್ತೈತಿ ಯಾಕಂತ.” ಅಕ್ಕೋರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದರು. “ನಿನಗ ನೆನಪೈತಿ ಇಲ್ಲೋ, ಆ ರಿಬ್ಬನ್ನು?”

ನೆನಪಿತ್ತು. ಎರಡನೆಯ ಇಯತ್ತೆಯಲ್ಲಿ ಚಿದು ಎಡಗೈಯಲ್ಲಿ ಬಳಪ ಹಿಡಿಯುತ್ತಿದ್ದ. ಊರ ಮಕ್ಕಳಿಗೆಲ್ಲ ಕೈ ತಿದ್ದುವ ಅಕ್ಕೋರ ಸ್ವಂತ ಮಗನೇ ಎಡಚನೆಂದು ಸಹಶಿಕ್ಷಕರು ನಕ್ಕಿದ್ದರು. ಅಕ್ಕೋರು ಒಬ್ಬ ಹುಡುಗಿಯ ಕೆಂಪು ರಿಬ್ಬನ್ ಇಸಿದುಕೊಂಡು ಮಗನ ಎಡಗೈಯನ್ನು ಬೆಂಚಿಗೆ ಕಟ್ಟಿಹಾಕಿದರು. ಒಂದು ದಿನವಲ್ಲ, ಆರು ತಿಂಗಳು. ಪಕ್ಕದಲ್ಲಿ ಕೂತಿದ್ದ ಯಮನೂರಪ್ಪನಿಗೆ ಆ ಬಡಕಲು ಮಣಿಕಟ್ಟಿನ ಮೇಲಿನ ಗೆರೆ ಈಗಲೂ ಕಾಣುತ್ತದೆ. ಅಷ್ಟಾದ ಮೇಲೆ ಹುಡುಗ ಊಟಕ್ಕೆ, ಕೊಡುವುದಕ್ಕೆ, ತೆಗೆದುಕೊಳ್ಳುವುದಕ್ಕೆ ಬಲಗೈ ಕಲಿತ. ಬರೆಯಲು ಮಾತ್ರ ಕಲಿಯಲಿಲ್ಲ. ಅಕ್ಕೋರು ಸೋತು ಬಿಟ್ಟುಕೊಟ್ಟರು.

“ಅವನ ಮುಂದ ಅದನ್ನೆಂದೂ ಎತ್ತಿರಲಿಲ್ಲ ನಾ” ಎಂದರು ಅಕ್ಕೋರು. “ಯುಗಾದಿ ದಿನ ಈ ಪರದೆ ಮುಂದ ಕುಂತು ಹೇಳಿದೆ. ಚಿದು, ನಾ ನಿನ್ನ ಕೈ ಕಟ್ಟಿ ಹಾಕಿದ್ದೆ, ತಪ್ಪಾತಪ್ಪಾ ಅಂದೆ. ಆಮ್ಯಾಲೆ ದಿನಾ ಹೇಳಿದೆ. ನೋಡು, ಮುಂದ ಸ್ವಲ್ಪ ದಿನಕ್ಕ ಅಂವ ಕೈ ಬದಲಿ ಮಾಡಿದ. ಅಂವಗ ಕೇಳಸ್ತೈತಿ, ಯಮನೂರಾ. ಆದ್ರ ತಪ್ಪಾತು ಅಂದದ್ದು ಕೇಳಿಲ್ಲ, ಕೈ ಕಟ್ಟಿದ್ದಷ್ಟ ಕೇಳೇತಿ. ಸತ್ತ ಮ್ಯಾಲೂ ನನಗ ಅಂಜಾಕ ಹತ್ಯಾನ.”

ಅಲ್ಲಿಯ ತನಕ ತಡೆದಿದ್ದವರು ಮುಖ ಮುಚ್ಚಿಕೊಂಡು ಅತ್ತರು. ಯಮನೂರಪ್ಪ ನೋಡಿಕೊಂಡು ಬರುತ್ತೇನೆಂದು ತೊದಲಿ, ಚೀಲ ಹೆಗಲಿಗೇರಿಸಿ ಹೊರಗೆ ಬಂದ.

ಮರುದಿನ ಹುಬ್ಬಳ್ಳಿಯ ಆಫೀಸಿನಲ್ಲಿ ಮೆಹರ್ ಮೇಡಂ ಅವನ ಮಾತು ಕೇಳಿ ಮೊದಲು ನಂಬಲಿಲ್ಲ. ನಿಯಂತ್ರಣ ಕೋಣೆಯ ಗೋಡೆ ಇಡೀ ಒಂದೇ ದೊಡ್ಡ ಪರದೆ. ನಡುವೆ ಒಂದು ಗೆರೆಯೂ ಇಲ್ಲ. ಅದರ ಮೇಲೆ ಬಜಾರವನ್ನು ತಂದು, ಚಿದಾನಂದನ ಹೆಸರು ಒತ್ತಿ, ಅವನ ನೆರಳಿನ ದಾಖಲೆ ತೆಗೆದರು.

ಪಡಿನೆಳಲಿನ ಗುಟ್ಟು ಇಷ್ಟೇ. ಇಡೀ ಬೀದಿಯನ್ನು ಸದಾ ನಡೆಸಲು ಯಾವ ಕಂಪ್ಯೂಟರಿಗೂ ಆಗದು. ಹಾಗಾಗಿ ಪರದೆಯ ಮೇಲೆ ಕಾಣುವುದನ್ನು ಮಾತ್ರ ಅದು ನಡೆಸುತ್ತದೆ. ಕಾಣದ್ದು ಇಲ್ಲವೇ ಇಲ್ಲ. ಒಬ್ಬ ಮನುಷ್ಯ ಅಂಚು ದಾಟಿ ಹೋಗಿ ಮತ್ತೆ ಬಂದಾಗ, ಇಷ್ಟು ಹೊತ್ತು ಅವನು ಏನು ಮಾಡಿರಬಹುದೆಂದು ಅಂದಾಜು ಕಟ್ಟಿ ಒಂದು ತೇಪೆ ಹಾಕುತ್ತದೆ. ತೇಪೆಗೆ ಬಟ್ಟೆ ಅವನದೇ ಚಾಳಿಯಿಂದ. ಚಲನೆ ತೊಡಕದಿರಲಿ ಎಂದು ಒಂದು ಎಳೆ ಮಾತ್ರ ಎಲ್ಲರ ಚಾಳಿಯಿಂದ. ದಿನಕ್ಕೆ ಹತ್ತು ತೇಪೆಯಾದರೆ ಹತ್ತು ವರ್ಷವಾದರೂ ಯಾರಿಗೂ ಗೊತ್ತಾಗದು ಎಂದು ಲೆಕ್ಕ ಹಾಕಿದ್ದರು.

ಮೆಹರ್ ಮೇಡಂ ದಾಖಲೆಯ ಲೆಕ್ಕವನ್ನು ಎರಡು ಸಲ ನೋಡಿದರು.

“ಬ್ಯಾರೆ ಮಂದಿಗೆ ಐದಾರು ಸಾವಿರ ತೇಪಿ ಅದಾವು. ಇವರಿಗೆ ಹನ್ನೊಂದು ಲಕ್ಷ. ಮೈಗೆ ಅಲ್ಲ, ಬರೇ ಕೈಗೆ. ಏನ್ ಮಾಡೀರಿ ಯಮನೂರಪ್ಪ ಆ ಮನ್ಯಾಗ?”

ಅವನಿಗೆ ಆ ಕ್ಷಣ ತಿಳಿಯಿತು. ಗೋದಾಮಿನ ಗೋಡೆಗೆ ಒರಗಿಸಿದ ಬೋರ್ಡು ಸರಿಯಾಗಿ ಮೂರನೆಯ ಮತ್ತು ನಾಲ್ಕನೆಯ ಪರದೆಗಳ ನಡುವೆ ಬೀಳುತ್ತಿತ್ತು. ಬರೆಯುವ ಕೈ ಪ್ರತಿ ಗೆರೆಗೂ ಆ ಪಟ್ಟಿಯ ಹಿಂದೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಹೋದಾಗ ಕಾಣುವುದಿಲ್ಲ. ಕಾಣದ್ದನ್ನು ಪ್ರೋಗ್ರಾಂ ನಡೆಸುವುದಿಲ್ಲ. ಬಂದಾಗ ತೇಪೆ. ದಿನಕ್ಕೆ ಎರಡು ಸಾವಿರ ಸಲ.

“ಚೌಕಟ್ಟು ಹೊಂದಿಕೆ ಹಚ್ಚಿದ್ದೆರಿ” ಎಂದ.

“ನಮ್ಮ ಗ್ವಾಡಿಗೆ ಪಟ್ಟೀನ ಇಲ್ಲ. ಅದಕ್ಕ ಇಲ್ಲಿ ಯಾರಿಗೂ ಹೊಳೀಲಿಲ್ಲ” ಎಂದರು ಮೇಡಂ. ಅವನ ಮುಖ ನೋಡಿ ದನಿ ತಗ್ಗಿಸಿದರು. “ಇವತ್ತಿನ ಮೊಸರಿಗೆ ನಿನ್ನಿ ಮೊಸರ ಹೆಪ್ಪಲ್ಲೇನ್ರಿ? ದಿನಾ ಬ್ಯಾರೆ ಮನಿ ಮೊಸರು ಒಂದೊಂದು ಹನಿ ಬಿದ್ರ, ಕಡೀಕ ನಿಮ್ಮನಿ ಮೊಸರು ಅನ್ನೂದು ಉಳಿಯಂಗಿಲ್ಲ. ಲೋಕದಾಗ ಬಹಳ ಮಂದಿ ಬಲಗೈಯವ್ರು.”

“ಹಿಂದಕ್ಕ ತರಾಕ ಬರೂದಿಲ್ಲೇನ್ರಿ?”

“ಎಲ್ಲಿಂದ ತರೂದು? ಹಳೇ ಚಿತ್ರ ಅಳಿಸಿ ಆಗೇತಿ. ಪ್ರತಿ ಇಟ್ಟಿಲ್ಲ.”

ಆಗ ಯಮನೂರಪ್ಪನ ತಲೆಗೆ ಒಂದು ಹುಚ್ಚು ಯೋಚನೆ ಬಂತು. ಮಾನಿಟರಿನ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿಬಿಟ್ಟರೆ? ಬಲಗೈ ಎಡಗೈಯಾಗಿ ಕಾಣುತ್ತದೆ! ಹೇಳಿಯೂ ಬಿಟ್ಟ. ಮೆಹರ್ ಮೇಡಂ ಅವನನ್ನು ಮರುಕದಿಂದ ನೋಡಿದರು. “ಬೋರ್ಡಿನ ಅಕ್ಷರ ಎಲ್ಲಾ ಉಲ್ಟಾ ಕಾಣ್ತಾವು. ನೋಡಾವ್ರು ಎರಡನೇ ಇಯತ್ತೆ ಟೀಚರ್ ಅದಾರಂತ ನೀವ ಹೇಳೀರಿ.”

ಅವರು ಮತ್ತೆ ದಾಖಲೆಯನ್ನು ಒಂದೊಂದೇ ಜಾಗವಾಗಿ ತೆರೆದು ನೋಡಿದರು. ಗೋದಾಮಿನ ಮುಂದೆ ಎಡಗೈಯ ಸುಳಿವೇ ಇಲ್ಲ. ಪಾನ್ ಅಂಗಡಿಯ ಮುಂದೆಯೂ ಇಲ್ಲ. ಬೀದಿಯ ಕೊನೆಯ ಚಹಾ ಅಂಗಡಿಯ ಹತ್ತಿರ ಬಂದಾಗ ಅವರ ಬೆರಳು ನಿಂತಿತು. ಆ ಅಂಗಡಿಯ ಬೆಂಚು ಏಳನೆಯ ಪರದೆಯ ನಟ್ಟನಡುವೆ ಬರುತ್ತಿತ್ತು; ಅಲ್ಲಿ ಯಾವ ಪಟ್ಟಿಯೂ ಇಲ್ಲ.

“ಚಾ ಕುಡ್ಯೂ ಮುಂದ ಇನ್ನೂ ಎಡಗೈನ ಐತಿ. ಬಾಳ ದಿನ ಇರಂಗಿಲ್ಲ. ದಿನಾ ಅಲ್ಲಿಗೆ ಬಂದಾಗೊಮ್ಮೆ ಒಂದು ತೇಪಿ ಬೀಳತೈತಿ. ಒಂದು ತಿಂಗಳು ಉಳೀಬಹುದು, ನಾಳೇನ ಹೋಗಬಹುದು.”

ಯಮನೂರಪ್ಪ ಎರಡು ದಿನ ಅಕ್ಕೋರ ಫೋನು ಎತ್ತಲಿಲ್ಲ. ಹೇಳದೆ ಬಿಟ್ಟರೆ ಮಗ ತನ್ನ ಮಾತು ಕೇಳುತ್ತಾನೆಂದು ಅವರು ನಂಬಿಕೊಂಡಿರುತ್ತಾರೆ. ಅಂಜುತ್ತಾನೆಂದೂ ನಂಬಿ ದಿನಾ ಅಳುತ್ತಾರೆ. ಹೇಳಿದರೆ ಅಂಜಿಕೆಯೂ ಹೋಗುತ್ತದೆ, ಕೇಳುವ ಮಗನೂ ಹೋಗುತ್ತಾನೆ. ತನ್ನ ತಪ್ಪು ಹೊರಬೀಳುತ್ತದೆಂಬ ಭಯ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಆ ಎರಡು ದಿನ ಅವನನ್ನು ತಿಂದದ್ದು ಅದಲ್ಲ. ಮುಖ ಮುಚ್ಚಿಕೊಂಡು ಅತ್ತ ಅಕ್ಕೋರು ಕಣ್ಣಿಗೆ ಕಟ್ಟಿದ್ದರು. ಮೂರನೆಯ ದಿನ ಮಧ್ಯಾಹ್ನ ಮೂರಕ್ಕೆ ಹೋದ.

ಚಿದಾನಂದ ಬಲಗೈಯಲ್ಲಿ ಬರೆಯುತ್ತಿದ್ದ. ಅಕ್ಕೋರು ಪರದೆಗೆ ಅರ್ಧ ಬೆನ್ನು ಮಾಡಿ ಕೂತಿದ್ದರು.

“ಅಕ್ಕೋರ, ಚಿದುಗ ಏನೂ ಕೇಳಸಂಗಿಲ್ಲರೀ.”

ಅವರು ಇವನ ಕಡೆ ತಿರುಗಿದರು. ಅವನು ಮಾನಿಟರ್‌ಗಳ ನಡುವಿನ ಕರಿ ಪಟ್ಟಿಯ ಮೇಲೆ ಬೆರಳಿಟ್ಟು ಎಲ್ಲವನ್ನೂ ಹೇಳಿದ. ಅವಸರದಲ್ಲಿ ಹಿಂದುಮುಂದಾಯಿತು. ಅಕ್ಕೋರು ಕೈ ಎತ್ತಿದರು. “ಮತ್ತೊಮ್ಮೆ ಹೇಳು. ಅವಸರ ಮಾಡಬ್ಯಾಡ.” ಮಗ್ಗಿ ತಪ್ಪಿದ ಹುಡುಗನಿಗೆ ಹೇಳುವ ಅದೇ ದನಿ. ಅವನು ನಿಂತುಕೊಂಡೇ ಮೊದಲಿನಿಂದ ಹೇಳಿದ: ಕಾಣದ ಜಾಗ, ತೇಪೆ, ಹನ್ನೊಂದು ಲಕ್ಷ, ತಾನು ಹಾಕಿದ ಗುರುತು.

ಅಕ್ಕೋರು ಎದ್ದುಬಂದು ಆ ಪಟ್ಟಿಯನ್ನು ಮುಟ್ಟಿ ನೋಡಿದರು.

“ಅಂದ್ರ ಅಂವ ಅಂಜಿಲ್ಲ.”

“ಇಲ್ರೀ.”

“ನಾ ತಪ್ಪಾತು ಅಂದದ್ದೂ ಕೇಳಿಲ್ಲ.”

ಯಮನೂರಪ್ಪ ಇಲ್ಲವೆಂದು ತಲೆಯಾಡಿಸಿದ.

“ನಾ ಆರು ತಿಂಗಳ ಕಟ್ಟಿದರೂ ಅವನ ಕೈ ಬದಲಾಗಲಿಲ್ಲ” ಎಂದರು ಅಕ್ಕೋರು ಮೆಲ್ಲಗೆ. “ನನ್ನ ಕಡೆ ಆಗಲಾರದ್ದನ್ನ ಇದು ಮಾಡಿ ಮುಗಿಸ್ತು.”

“ತಪ್ಪು ನಂದ್ರೀ, ಅಕ್ಕೋರ.”

“ನೀ ಒಬ್ಬನ ಹೊತಗೋಬ್ಯಾಡ. ಇನ್ನೊಂದು ಪರದೆ ಹಾಕು, ಇನ್ನೊಂದು ಹಾಕು ಅಂದಾಕಿ ನಾನು. ಕಣ್ಣಿಗೆ ಬೀಳಲಿ ಬೀಳಲಿ ಅಂತ ಕುಂತೆ, ಕೈ ಸವೀತು.” ಪಟ್ಟಿಯಿಂದ ಕೈ ತೆಗೆದು ಕೇಳಿದರು, “ಏನೂ ಉಳಿದಿಲ್ಲೇನು?”

ಅವನು ಚಹಾ ಅಂಗಡಿಯ ವಿಷಯ ಹೇಳಿದ. ಅಕ್ಕೋರ ಮುಖದಲ್ಲಿ ಗೊಂದಲ ಕಂಡಿತು. “ಎಡಗೈಲೆ ಚಾ? ಅಂವ ಚಾ ಬಲಗೈಲೇ ಕುಡೀತಿದ್ದ. ಮನ್ಯಾಗ ಒಂದಿನಾನೂ ತಪ್ಪಿಲ್ಲ.” ಇಷ್ಟು ದಿನ ಅವರು ಅದನ್ನು ನೋಡಿರಲಿಲ್ಲ. ನಾಲ್ಕು ಗಂಟೆಗೆ ಮಗ ಚಹಾಕ್ಕೆಂದು ಎದ್ದಾಗ, ಅವನ ಜೊತೆಗೇ ಕುಡಿಯಬೇಕೆಂದು ತಾವೂ ಒಳಗೆ ಹೋಗಿ ಚಹಾಕ್ಕಿಡುತ್ತಿದ್ದರು. ಲೋಟ ಹಿಡಿದು ಹೊರಗೆ ಬರುವ ಹೊತ್ತಿಗೆ ಅವನು ಕುಡಿದು ಮುಗಿಸಿ ಹೊರಟಿರುತ್ತಿದ್ದ.

“ಉಳಿದ ಪರದೆ ಎಲ್ಲಾ ತಗದುಬಿಡು” ಎಂದರು.

ಯಮನೂರಪ್ಪ ಒಂದೊಂದಾಗಿ ಆರು ಮಾನಿಟರ್‌ಗಳನ್ನು ಆರಿಸಿದ. ಗೋದಾಮು ಹೋಯಿತು, ಬೋರ್ಡು ಹೋಯಿತು, ಬಲಗೈಯಲ್ಲಿ ಬರೆಯುತ್ತಿದ್ದವನೂ ಹೋದ. ಕೊನೆಯ ಪರದೆಯಲ್ಲಿ ಖಾಲಿ ಬೆಂಚು, ಒಲೆಯ ಮುಂದೆ ಅಂಗಡಿಯವನು. ಇಬ್ಬರೂ ಅಕ್ಕಪಕ್ಕ ಕೂತು ಕಾದರು. ಈಗ ಬರುವವನು ಇನ್ನೊಂದು ತೇಪೆ ಹಾಕಿಸಿಕೊಂಡೇ ಬರುತ್ತಾ‌ನೆ. ಎಡಗೈ ಅಷ್ಟರಲ್ಲೇ ಹೋಗಿದ್ದರೆ? ಯಮನೂರಪ್ಪ ಮನೆದೇವರನ್ನು ನೆನೆದ. ಕಂಪ್ಯೂಟರಿನ ಕೆಲಸಕ್ಕೆ ಅವನು ದೇವರನ್ನು ನೆನೆದದ್ದು ಅದೇ ಮೊದಲು.

ನಾಲ್ಕು ಗಂಟೆಗೆ ಚಿದಾನಂದ ಅಂಚಿನಿಂದ ಒಳಗೆ ಬಂದ. ಬಂದವನು ಬೆಂಚಿನ ಮೇಲೆ ಕೂತು ಕಾಲು ಚಾಚಿದ. ಅಂಗಡಿಯವನು ಲೋಟ ಮುಂದೆ ಹಿಡಿದ. ಚಿದಾನಂದ ಎರಡೂ ಕೈಗಳನ್ನು ತೊಡೆಗೆ ಒರೆಸಿಕೊಂಡ. ಆಮೇಲೆ ಎಡಗೈ ಮುಂದೆ ಮಾಡಿ ಲೋಟ ತೆಗೆದುಕೊಂಡ. ಮೂರು ಬೆರಳಲ್ಲಿ ಅಂಚು ಹಿಡಿದು, ತಲೆ ಓರೆ ಮಾಡಿ, ಉಫ್ ಎಂದು ಊದಿದ.

ಅಕ್ಕೋರು ಸೆರಗು ಬಾಯಿಗೊತ್ತಿಕೊಂಡರು. “ಇಲ್ಲಿ ನಾ ಇರ್ತಿರಲಿಲ್ಲಲ್ಲೋ” ಎಂದರು. “ಅದಕ್ಕ ಇಲ್ಲಿ ಹಿಂಗ ಕುಡೀತಿದ್ದ. ನೋಡು ಎಷ್ಟು ಆರಾಮ ಕುಂತಾನ. ನನ್ನ ಮುಂದ ಒಂದಿನಾ ಹಿಂಗ ಕುಂತಿಲ್ಲ.”

ಅಂಗಡಿಯವನು ಏನೋ ಹೇಳಿದ. ಚಿದಾನಂದ ನಕ್ಕ. ಶಬ್ದವಿರಲಿಲ್ಲ, ಆದರೂ ಯಮನೂರಪ್ಪನಿಗೆ ಆ ನಗುವಿನ ಸದ್ದು ಕಿವಿಯಲ್ಲಿ ಕೇಳಿದ ಹಾಗಾಯಿತು.

“ಈಗ ಬಂದ್ ಮಾಡಿದ್ರ?” ಎಂದು ಕೇಳಿದರು ಅಕ್ಕೋರು.

“ಹೆಂಗ ಅದಾನ ಹಂಗ ಇರ್ತಾನ್ರೀ. ಮುಂದ ಬದಲಾಗಂಗಿಲ್ಲ. ಆದ್ರ ಮತ್ತ ಹಚ್ಚಿದ್ರ...”

“ಹಚ್ಚೂದಿಲ್ಲ.”

ಅವನ ಬೆರಳು ಗುಂಡಿಯ ಮೇಲೆ ಹೋಯಿತು. ಅಕ್ಕೋರು ಅವನ ಮಣಿಕಟ್ಟು ಹಿಡಿದರು. “ತಡಿ. ಚಾ ಪೂರಾ ಕುಡೀಲಿ.”

ಚಿದಾನಂದನಿಗೆ ಯಾವ ಅವಸರವೂ ಇರಲಿಲ್ಲ. ಗುಟುಕು ಗುಟುಕಾಗಿ ಕುಡಿದ. ತಳದ ಚಹಾಪುಡಿಯನ್ನು ನೆಲಕ್ಕೆ ಚೆಲ್ಲಿ, ಲೋಟವನ್ನು ಎಡಗೈಯಿಂದಲೇ ಬೆಂಚಿನ ಮೇಲಿಟ್ಟ. ಎದ್ದು ಮೈ ಮುರಿದ. ಬಂದ ದಾರಿಯಲ್ಲೇ ನಡೆದು ಪರದೆಯ ಅಂಚಿಗೆ ಬಂದ. ಭುಜ ಹೋಯಿತು, ಬೆನ್ನು ಹೋಯಿತು, ಕೊನೆಗೆ ಹಿಂದೆ ಬೀಸಿದ ಕೈಯೊಂದು ಕಂಡು ಅದೂ ಹೋಯಿತು. ಬೆಂಚು ಖಾಲಿಯಾಯಿತು.

“ಈಗ ಮಾಡು” ಎಂದರು ಅಕ್ಕೋರು.

ಯಮನೂರಪ್ಪ ಗುಂಡಿ ಒತ್ತಿದ. ಕೋಣೆಯಲ್ಲಿ ಒಂದೂವರೆ ವರ್ಷದಿಂದ ಇದ್ದ ಸಣ್ಣ ಗುಂಯ್ ಸದ್ದು ನಿಂತಿತು. ಅದು ಇತ್ತೆಂಬುದೇ ನಿಂತಾಗ ಗೊತ್ತಾದದ್ದು. ಅಕ್ಕೋರು ಒಳಗೆ ಹೋದರು. ಪಾತ್ರೆಯ ಸದ್ದು, ಒಲೆ ಹೊತ್ತಿಸಿದ ಸದ್ದು, ನಡುವೆ ಒಮ್ಮೆ ಮೂಗೇರಿಸಿದ ಸದ್ದು. ಅವನು ತಂತಿಗಳನ್ನು ಸುತ್ತುತ್ತ ನೆಲ ನೋಡುತ್ತ ಕೂತಿದ್ದ. ಆರಿದ ಮಾನಿಟರ್‌ಗಳ ಕಡೆ ನೋಡುವ ಧೈರ್ಯ ಆಗಲಿಲ್ಲ.

ಅಕ್ಕೋರು ಎರಡು ಲೋಟ ಚಹಾ ತಂದರು. ಒಂದನ್ನು ಬೆಂಚಿನ ಮೇಲಿಟ್ಟು ಇನ್ನೊಂದನ್ನು ಅವನ ಮುಂದೆ ಹಿಡಿದರು. ಹಿಡಿದದ್ದು ಎಡಗೈಯಲ್ಲಿ. ಎಡಗೈಯಲ್ಲಿ ಕೊಟ್ಟರೆ, ತೆಗೆದುಕೊಂಡರೆ ಬೆರಳ ಗಂಟಿನ ಮೇಲೆ ರೂಲುಪಟ್ಟಿ ಬೀಳುತ್ತಿದ್ದ ಕ್ಲಾಸಿನಲ್ಲಿ ಓದಿದವನು ಅವನು. ಬಲಗೈ ತಾನಾಗಿಯೇ ಮುಂದೆ ಹೋಗಿತ್ತು. ಅಕ್ಕೋರಿಗೆ ಎಡಗೈ ರೂಢಿಯಿರಲಿಲ್ಲ, ಲೋಟದ ಅಂಚಿನಲ್ಲಿ ಚಹಾ ತುಳುಕುತ್ತಿತ್ತು. ಅವರು ಅವನ ಮುಖವನ್ನೇ ನೋಡುತ್ತಿದ್ದರು.

ಯಮನೂರಪ್ಪ ಬಲಗೈ ಹಿಂದೆ ತೆಗೆದ. ಎಡಗೈ ಚಾಚಿ ಚಹಾ ತೆಗೆದುಕೊಂಡ.